ಅಪ್ಪನಿಗೆ ಎದೆನೋವು ಅಂತಾರೆ, ಯಾವ ಟೆಸ್ಟ್ ಮಾಡಿಸೋಣ?

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಟೀವಿಯಲ್ಲಿ ದಿನವಿಡೀ ಓಡಿದ ಮೇಲೆ ಈ ಪ್ರಶ್ನೆ ಕೇಳುವವರ ಸಂಖ್ಯೆ ಕಡಿಮೆಯಾಗೇ ಇಲ್ಲ. ಆಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ನೋವಿದ್ದವರೂ ಇಲ್ಲದವರೂ ಒಂದೇ ಸಾಲಿನಲ್ಲಿ ನಿಂತರು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ, ಜಿಲ್ಲೆಯಲ್ಲಿ ಹೃದಯಾಘಾತ ಹಿಂದಿಗಿಂತ ಹೆಚ್ಚಾಗಿರುವುದು ಕಾಣುತ್ತಿಲ್ಲ ಎಂದು ವರದಿ ಕೊಟ್ಟಿತು. ಸಾಲು ಕರಗಿತು, ಭಯ ಉಳಿಯಿತು. ಆ ಭಯದಲ್ಲಿ ಎಷ್ಟೋ ಮನೆಯವರು ಬೇಕಾದ ಪರೀಕ್ಷೆ ಬಿಟ್ಟು ಬೇಡದ್ದನ್ನು ಮಾಡಿಸಿದ್ದಾರೆ.

ಇಲ್ಲಿ ಹೇಳುವುದು 60 ದಾಟಿದ ಅಪ್ಪ, ಅಮ್ಮ, ಅತ್ತೆ, ದೊಡ್ಡಪ್ಪಂದಿರಿಗೆ ಎದೆನೋವು ಕಾಣಿಸಿಕೊಂಡಾಗ ಮನೆಯವರು ಯಾವ ಕ್ರಮದಲ್ಲಿ ಹೋಗಬೇಕು ಎಂಬುದನ್ನು. ಔಷಧಿ ಬರೆಯುವ ಕೆಲಸ ವೈದ್ಯರದು. ಆದರೆ ಪ್ರತಿ ಪರೀಕ್ಷೆಗೂ ಮುಂಚೆ ನೀವು ಕೇಳಲೇಬೇಕಾದ ಪ್ರಶ್ನೆ ಒಂದಿದೆ: "ಇದರಲ್ಲಿ ಹೀಗೆ ಬಂದರೆ ಏನು ಮಾಡ್ತೀರಿ, ಹಾಗೆ ಬಂದರೆ ಏನು ಮಾಡ್ತೀರಿ?" ಎರಡಕ್ಕೂ ಒಂದೇ ಉತ್ತರ ಬಂದರೆ ಆ ಪರೀಕ್ಷೆಯ ಅಗತ್ಯ ಬಹುಶಃ ಇಲ್ಲ.

1. ಮೊದಲು ತೀರ್ಮಾನಿಸಿ: ಇದು ಈ ಹೊತ್ತಿನ ನೋವೋ, ತಿಂಗಳುಗಳಿಂದ ಬಂದು ಹೋಗುವ ನೋವೋ

ಎರಡರ ದಾರಿಯೂ ಬೇರೆ ಬೇರೆ. ಈಗ ನೋವಿದೆ, 15–20 ನಿಮಿಷವಾದರೂ ಬಿಟ್ಟಿಲ್ಲ ಅಂದರೆ ಯಾವ ಟೆಸ್ಟ್ ಎಂದು ಯೋಚಿಸುತ್ತಾ ಕೂರಬೇಡಿ. ತಣ್ಣನೆ ಬೆವರು, ಏದುಸಿರು, ವಾಂತಿ, ಕಣ್ಣು ಕತ್ತಲೆ ಇದ್ದರಂತೂ 15 ನಿಮಿಷವನ್ನೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಹಾಗೆಯೇ, ಎರಡು ತಿಂಗಳೊಳಗೆ ಹೊಸದಾಗಿ ಶುರುವಾದ ನೋವು, ದಿನದಿಂದ ದಿನಕ್ಕೆ ಕಡಿಮೆ ಕೆಲಸಕ್ಕೇ ಬರತೊಡಗಿದ ನೋವು, ಕೂತಾಗ ಮಲಗಿದಾಗಲೂ ಬರುವ ನೋವು: ಇವನ್ನು ವೈದ್ಯರು ಅಸ್ಥಿರ ಎದೆನೋವು ಎನ್ನುತ್ತಾರೆ. ಈಗ ನೋವು ಇಲ್ಲದಿದ್ದರೂ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮುಂದಿನ ವಾರಕ್ಕೆ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುವ ಪರೀಕ್ಷೆ) ಬುಕ್ ಮಾಡಿಸುವ ರೋಗಿ ಇವರಲ್ಲ.

ನಮ್ಮ ಕಡೆ ಹೆಚ್ಚು ಜೀವ ತೆಗೆದಿರುವ ಪದ 'ಗ್ಯಾಸ್ಟ್ರಿಕ್'. ಹೃದಯದ ತಳಭಾಗಕ್ಕೆ ರಕ್ತ ಕಡಿಮೆಯಾದಾಗ ನೋವು ಹೊಟ್ಟೆಯ ಮೇಲ್ಭಾಗದಲ್ಲೇ ಕಾಣಿಸಬಹುದು, ತೇಗು, ವಾಕರಿಕೆಯೂ ಇರಬಹುದು. ಸೋಡಾ ಕುಡಿದ ಮೇಲೆ ಕಡಿಮೆಯಾಯಿತು ಎಂಬುದು ಏನನ್ನೂ ಸಾಬೀತು ಮಾಡುವುದಿಲ್ಲ. ಸೋಡಾ ಕುಡಿಯಲು ಕೂತರಲ್ಲ, ಆ ವಿಶ್ರಾಂತಿಗೇ ನೋವು ಇಳಿದಿರಬಹುದು. ಮೊದಲ ಸಲ ಬಂದ 'ಗ್ಯಾಸ್ಟ್ರಿಕ್' ನೋವು, ಅದೂ 60ರ ನಂತರ, ಸಕ್ಕರೆ ಕಾಯಿಲೆಯವರಿಗೆ ಬಂದರೆ, ಇಸಿಜಿ ತೆಗೆಸಿ ವೈದ್ಯರು ಅಲ್ಲ ಎನ್ನುವವರೆಗೂ ಅದು ಹೃದಯದ್ದೇ ಎಂದಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ, 75 ದಾಟಿದವರಿಗೆ ಎದೆನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ, ದವಡೆ ನೋವು, ರಟ್ಟೆ ಸೆಳೆತವಾಗಿಯೂ ಬರುತ್ತದೆ.

ಆಂಬುಲೆನ್ಸ್ ಬರುವವರೆಗೆ: ಗೋಡೆಗೆ ಒರಗಿಸಿ ಕೂರಿಸಿ, ನಡೆಸಬೇಡಿ. ಆಸ್ಪಿರಿನ್ ಅಲರ್ಜಿ, ಹೊಟ್ಟೆಯಲ್ಲಿ ರಕ್ತಸ್ರಾವ, ಮಿದುಳಿನ ರಕ್ತಸ್ರಾವದ ಇತಿಹಾಸ ಇಲ್ಲದಿದ್ದರೆ 300 ಮಿ.ಗ್ರಾಂ ಆಸ್ಪಿರಿನ್ ಅಗಿದು ನುಂಗಿಸಬಹುದು. ಫೋನಿನಲ್ಲಿರುವ ವೈದ್ಯರನ್ನೋ 108ರವರನ್ನೋ ಕೇಳಿಯೇ ಕೊಡಿ. ನೋವು ಬೆನ್ನಿನ ನಡುವೆ ಸೀಳಿದ ಹಾಗಿದ್ದರೆ, ಬಾಯಿ ಸೊಟ್ಟಗಾಗಿದ್ದರೆ ಕೊಡಬೇಡಿ. ಪಕ್ಕದ ಮನೆಯವರ ಸಾರ್ಬಿಟ್ರೇಟ್ ಎಂಬ ಎದೆನೋವಿನ ಮಾತ್ರೆ ತಂದು ನಾಲಿಗೆ ಕೆಳಗಿಡುವುದು ಅಪಾಯ, ಬಿಪಿ ಏಕಾಏಕಿ ಕುಸಿದು ಬೀಳಬಹುದು. ನೋವಿರುವವರಿಗೇ ವೈದ್ಯರು ಬರೆದುಕೊಟ್ಟಿದ್ದರೆ ಮಾತ್ರ, ಕೂರಿಸಿಕೊಂಡು, ತಲೆಸುತ್ತು ಇಲ್ಲದಿದ್ದರೆ ಕೊಡಿ. ಜೋರಾಗಿ ಕೆಮ್ಮಿದರೆ ಹಾರ್ಟ್ ಅಟ್ಯಾಕ್ ನಿಲ್ಲುತ್ತದೆ ಎಂಬ ವಾಟ್ಸಾಪ್ ಸಂದೇಶವನ್ನು ಅಳಿಸಿ ಹಾಕಿ. ಪ್ರಜ್ಞೆ ತಪ್ಪಿ ಉಸಿರೂ ನಿಂತರೆ ಎದೆಯ ನಡುಮಧ್ಯೆ ಎರಡೂ ಅಂಗೈ ಇಟ್ಟು 5–6 ಸೆಂ.ಮೀ. ಇಳಿಯುವಷ್ಟು, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಿ.

ಎಲ್ಲಿಗೆ ಕರೆದೊಯ್ಯಬೇಕು? ಮಲೆನಾಡಿನ ಕಡೆ ಇದೇ ದೊಡ್ಡ ತಪ್ಪು. ಸಕಲೇಶಪುರದಿಂದ ಶಿರಾಡಿ ಇಳಿದು ಮಂಗಳೂರಿಗೆ, ಮೂಡಿಗೆರೆಯಿಂದ ಚಾರ್ಮಾಡಿ ಇಳಿದು ಅಲ್ಲಿಗೇ, ಕೊಪ್ಪ ಶೃಂಗೇರಿಯಿಂದ ಮಣಿಪಾಲಕ್ಕೆ ಎಂದು ಕಾರು ಹತ್ತಿಸಿಬಿಡುತ್ತಾರೆ. ದಾರಿಯಲ್ಲಿ ಮಂಜು, ಮಳೆ, ಲಾರಿ ಸಾಲು. ದೊಡ್ಡ ಹೃದಯಾಘಾತದಲ್ಲಿ, ಗುರುತಿಸಿದ 120 ನಿಮಿಷದೊಳಗೆ ಸ್ಟೆಂಟ್ (ರಕ್ತನಾಳ ತೆರೆದಿಡುವ ಪುಟ್ಟ ಬಲೆಯ ಕೊಳವೆ) ಹಾಕುವ ಕಡೆ ರಕ್ತನಾಳ ತೆರೆಯಲು ಸಾಧ್ಯವಿಲ್ಲ ಎಂದಾದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಮೊದಲು ಬೀಳಬೇಕು. ಹಾಸನದಿಂದ ಮೈಸೂರೇ ಸುಮಾರು 120 ಕಿ.ಮೀ. ಆದ್ದರಿಂದ ಮೊದಲ ಗುರಿ, ಇಸಿಜಿ ತೆಗೆದು ಆ ಇಂಜೆಕ್ಷನ್ ಕೊಡಬಲ್ಲ ಹತ್ತಿರದ ಆಸ್ಪತ್ರೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸೇರಿದ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತದೆ, ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಇದು ಇದೆಯೇ ಎಂದು ಆರಾಮಾಗಿರುವ ದಿನವೇ ಹೋಗಿ ಕೇಳಿಕೊಂಡು ಬನ್ನಿ. ನೋವು ಶುರುವಾದ 12 ಗಂಟೆಯೊಳಗೆ ಕೊಡುವ ಔಷಧಿ ಇದು, ಮೊದಲ ಎರಡು ಮೂರು ಗಂಟೆಯಲ್ಲಿ ಕೊಟ್ಟರೆ ಲಾಭ ಬಹಳ ಹೆಚ್ಚು. ಇಂಜೆಕ್ಷನ್ ಆದ ಮೇಲೆ ದೊಡ್ಡ ಊರಿಗೆ ಹೋಗಬೇಕು, ಸಾಮಾನ್ಯವಾಗಿ 24 ಗಂಟೆಯೊಳಗೆ ಆಂಜಿಯೋಗ್ರಾಂ (ಬಣ್ಣ ಬಿಟ್ಟು ಹೃದಯದ ರಕ್ತನಾಳ ನೋಡುವ ಪರೀಕ್ಷೆ) ಆಗಬೇಕು. "ಬೆಂಗಳೂರಿಂದ ಮಗ ಬರಲಿ, ಆಮೇಲೆ ನೋಡೋಣ" ಎಂದು ಕಾದರೆ ಆ 12 ಗಂಟೆಯಲ್ಲಿ ಐದು ಹೋಯಿತೆಂದೇ ಲೆಕ್ಕ.

2. ಈ ಹೊತ್ತಿನ ನೋವಲ್ಲ ಎಂದಾದರೆ: ಒಂದು ಹಾಳೆಯಲ್ಲಿ ನೋವಿನ ಲೆಕ್ಕ ಬರೆಯಿರಿ

ಮುಂದಿನ ಎಲ್ಲ ಪರೀಕ್ಷೆಗಿಂತ ಹೆಚ್ಚು ಮಾಹಿತಿ ಇದರಲ್ಲೇ ಸಿಗುತ್ತದೆ, ಖರ್ಚೂ ಇಲ್ಲ. ವೈದ್ಯರು ಮನಸ್ಸಿನಲ್ಲಿ ಮೂರು ವಿಷಯ ತಾಳೆ ಹಾಕುತ್ತಿರುತ್ತಾರೆ. ಎದೆ, ಕುತ್ತಿಗೆ, ದವಡೆ, ಭುಜ, ತೋಳಿನಲ್ಲಿ ಒತ್ತಿದ ಹಾಗೆ, ಬಿಗಿದ ಹಾಗೆ ಆಗುತ್ತದೆಯೇ? ಆಯಾಸವಾದಾಗ ಅಥವಾ ಮನಸ್ಸು ಕಲಕಿದಾಗ ಬರುತ್ತದೆಯೇ? ಕೂತರೆ ಐದು ನಿಮಿಷದಲ್ಲಿ ಹೋಗುತ್ತದೆಯೇ? ಮೂರಕ್ಕೂ ಹೌದು ಎಂದರೆ ಅದು ಹೃದಯದ ನೋವಿನ ನೇರ ಲಕ್ಷಣ, ಇದಕ್ಕೆ ಆಂಜೈನಾ ಎನ್ನುತ್ತಾರೆ. ಎರಡಕ್ಕೆ ಹೌದು ಎಂದರೆ ಅನುಮಾನ. ಒಂದೋ ಸೊನ್ನೆಯೋ ಆದರೆ ಬೇರೆ ಕಾರಣದ ಸಾಧ್ಯತೆ ಹೆಚ್ಚು.

ತೊಂದರೆ ಏನೆಂದರೆ ನಮ್ಮ ಹಿರಿಯರು ಕೇಳಿದ ತಕ್ಷಣ "ಏನಿಲ್ಲ ಬಿಡು" ಎಂದು ಮುಗಿಸುತ್ತಾರೆ. 'ನೋವು' ಎಂಬ ಮಾತನ್ನೇ ಕೆಲವರು ಒಪ್ಪುವುದಿಲ್ಲ, "ಹಿಡಿದಂಗೆ ಆಗ್ತದೆ ಅಷ್ಟೆ" ಎನ್ನುತ್ತಾರೆ. ಹಾಗಾಗಿ ನೋವನ್ನು ಕೇಳಬೇಡಿ, ಕೆಲಸವನ್ನು ಕೇಳಿ. ಹೋದ ಸುಗ್ಗಿಯಲ್ಲಿ ತೋಟದ ದರೆ ಒಂದೇ ಉಸಿರಿಗೆ ಹತ್ತುತ್ತಿದ್ದವರು ಈಗ ಎಷ್ಟು ಕಡೆ ನಿಲ್ಲುತ್ತಾರೆ? ಹುಲ್ಲಿನ ಹೊರೆ ಯಾವತ್ತಿನಿಂದ ಬಿಟ್ಟರು? ಡೈರಿಗೆ ಹಾಲು ಕೊಡಲು ಹೋಗಿ ಬರುವುದು ಯಾಕೆ ತಡವಾಗುತ್ತಿದೆ? ಹೊಟ್ಟೆ ತುಂಬ ಮುದ್ದೆ ಉಂಡು ನಡೆದರೆ, ಚಳಿಯ ಬೆಳಿಗ್ಗೆ ನಡೆದರೆ ಬೇಗ ಬರುತ್ತದೆಯೇ? ಹೃದಯದ ನೋವು ಈ ಎರಡೂ ಹೊತ್ತಿನಲ್ಲಿ ಬೇಗ ಬರುತ್ತದೆ.

ಒಂದು ವಾರ ಬರೆಯಿರಿ: ಎಷ್ಟು ಹೊತ್ತಿಗೆ ಬಂತು, ಏನು ಮಾಡುತ್ತಿದ್ದರು, ಎಲ್ಲಿ, ಎಷ್ಟು ನಿಮಿಷ, ಯಾವುದರಿಂದ ಹೋಯಿತು. ಮನೆಯಲ್ಲಿ ಮೆಷಿನ್ ಇದ್ದರೆ ಆಗಿನ ಬಿಪಿ, ನಾಡಿ. ವಾರ ಮುಗಿಯುವುದರೊಳಗೆ ನೋವು ಹೆಚ್ಚಿತು ಎಂದರೆ ಹಾಳೆ ಬಿಟ್ಟು ಹೊರಡಿ.

ಬೆರಳಿನಿಂದ ಒಂದೇ ಜಾಗ ತೋರಿಸಿ, ಒತ್ತಿದರೆ ನೋಯುತ್ತದೆ ಎಂದರೆ ಪಕ್ಕೆಲುಬಿನ ಕೀಲಿನ ನೋವಿರಬಹುದು. ಒಂದೇ ಬದಿಯಲ್ಲಿ ಪಟ್ಟಿ ಕಟ್ಟಿದ ಹಾಗೆ ಉರಿ ಇದ್ದು, ಎರಡು ಮೂರು ದಿನಕ್ಕೆ ಗುಳ್ಳೆ ಎದ್ದರೆ ಅದು ಸರ್ಪಸುತ್ತು. ಗುಳ್ಳೆ ಏಳುವ ಮುಂಚೆ ಇದಕ್ಕೇ ಆಂಜಿಯೋಗ್ರಾಂವರೆಗೂ ಹೋದವರಿದ್ದಾರೆ, ಅಂಗಿ ಬಿಚ್ಚಿಸಿ ಬೆನ್ನು ನೋಡಿ.

3. ಚೀಲದಲ್ಲಿ ಏನೇನಿರಬೇಕು

ಹಳೆಯ ಇಸಿಜಿ, ಎಷ್ಟೇ ವರ್ಷದ್ದಾದರೂ. ಹೊಸ ಇಸಿಜಿಯಲ್ಲಿ ಕಾಣುವ ವ್ಯತ್ಯಾಸ ಇವತ್ತಿನದೋ ಹತ್ತು ವರ್ಷದ್ದೋ ಎಂದು ಹೇಳಲು ಬೇರೆ ದಾರಿಯೇ ಇಲ್ಲ. ಇಸಿಜಿ ಕಾಗದ ಬಿಸಿಗೆ ಕಪ್ಪಾಗುವ ಜಾತಿಯದು, ಕಾಲ ಕಳೆದಂತೆ ಗೆರೆ ಮಾಸುತ್ತದೆ. ಸಿಕ್ಕ ದಿನವೇ ಜೆರಾಕ್ಸ್ ಮಾಡಿಸಿ, ಫೋನಿನಲ್ಲಿ ಫೋಟೋ ತೆಗೆದಿಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಇಡೀ ಹಾಳೆ ಕರಿ ಆಗುತ್ತದೆ.

ಮಾತ್ರೆಗಳ ಹೆಸರು ಬರೆದುಕೊಂಡು ಹೋಗುವುದಕ್ಕಿಂತ ಮಾತ್ರೆಗಳನ್ನೇ ಒಯ್ಯಿರಿ. ಮಂಡಿ ನೋವಿಗೆ ಮೆಡಿಕಲ್ ಸ್ಟೋರಿನಿಂದ ತರುವ ನೋವಿನ ಮಾತ್ರೆ, ಉಬ್ಬಸದ ಡೆರಿಫಿಲಿನ್, ನಾಟಿ ಔಷಧಿಯ ಪುಡಿ ಇವೆಲ್ಲ ಸೇರಿ. ಇವನ್ನು ಯಾರೂ ಔಷಧಿ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ, ಆದರೆ ಮುಂದಿನ ಪರೀಕ್ಷೆಗಳನ್ನು ಕೆಡಿಸುವುದು ಇವೇ. ಆಧಾರ್, ರೇಷನ್ ಕಾರ್ಡ್ ಮೂಲಪ್ರತಿಯೂ ಇರಲಿ, ಯಾಕೆಂಬುದು ಕೊನೆಯಲ್ಲಿ.

4. ಎಲ್ಲರಿಗೂ ಬೇಕಾದ ಮೊದಲ ಪರೀಕ್ಷೆಗಳು

ಇಸಿಜಿ. ಹೃದಯದ ವಿದ್ಯುತ್ತಿನ ಸುಮಾರು 10 ಸೆಕೆಂಡಿನ ದಾಖಲೆ, ಅಷ್ಟೇ. ಆ 10 ಸೆಕೆಂಡು ಹೃದಯ ನೆಮ್ಮದಿಯಾಗಿದ್ದರೆ ಇಸಿಜಿಯೂ ನೆಮ್ಮದಿಯಾಗಿರುತ್ತದೆ. "ಇಸಿಜಿ ನಾರ್ಮಲ್ ಬಂತು, ಹಾರ್ಟಿಗೇನೂ ಇಲ್ಲವಂತೆ" ಎಂಬ ಮಾತು ಅದಕ್ಕೇ ಪೂರ್ತಿ ನಿಜವಲ್ಲ. ನೋವು ಇರುವಾಗಲೇ ತೆಗೆದ ಇಸಿಜಿಗೆ ಬೆಲೆ ಹೆಚ್ಚು. ತುರ್ತಿನಲ್ಲಿ ಆಸ್ಪತ್ರೆ ಮುಟ್ಟಿದ 10 ನಿಮಿಷದಲ್ಲಿ ಮೊದಲನೆಯದು ಆಗಬೇಕು, ನೋವು ಹೋಗದಿದ್ದರೆ 15–30 ನಿಮಿಷಕ್ಕೆ ಮತ್ತೆ ತೆಗೆಯಬೇಕು.

ಟ್ರೊಪೋನಿನ್. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಪ್ರೋಟೀನ್. ಸೋರಲು ಸಮಯ ಬೇಕು. ನೋವು ಶುರುವಾದ ಒಂದು ಗಂಟೆಗೆ ಮಾಡಿಸಿ 'ನೆಗೆಟಿವ್' ಎಂದು ಮನೆಗೆ ಬಂದರೆ ಪರೀಕ್ಷೆ ಅರ್ಧವೇ ಆದ ಹಾಗೆ. ಲ್ಯಾಬಿನ ಯಂತ್ರವನ್ನು ಅವಲಂಬಿಸಿ 1ರಿಂದ 3 ಗಂಟೆ, ಹಳೆ ಬಗೆಯ ಕಾರ್ಡ್ ಟೆಸ್ಟ್ ಆದರೆ ಸುಮಾರು 6 ಗಂಟೆ ಬಿಟ್ಟು ಎರಡನೇ ಸಲ ನೋಡಬೇಕು. ಕಿಡ್ನಿ ತೊಂದರೆ ಇದ್ದ ಹಲವರಲ್ಲಿ ಇದು ಸದಾ ಸ್ವಲ್ಪ ಏರಿಯೇ ಇರುತ್ತದೆ, ಅಲ್ಲಿ ಮುಖ್ಯವಾದದ್ದು ಎರಡು ಅಂಕಿಗಳ ನಡುವಿನ ಏರಿಳಿತ. ಮೂರು ತಿಂಗಳಿಂದ ದರೆ ಹತ್ತುವಾಗ ಮಾತ್ರ ಬರುವ ನೋವಿಗೆ ಟ್ರೊಪೋನಿನ್ ಮಾಡಿಸಿ ಏನೂ ಸಿಗುವುದಿಲ್ಲ.

ರಕ್ತ ಪರೀಕ್ಷೆ: ಹಿಮೋಗ್ಲೋಬಿನ್, ಸಕ್ಕರೆ ಮತ್ತು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಥೈರಾಯ್ಡ್, ಕ್ರಿಯಾಟಿನಿನ್. ಹಿಮೋಗ್ಲೋಬಿನ್ 7–8ಕ್ಕೆ ಇಳಿದ ಅಜ್ಜಿಗೆ ರಕ್ತಹೀನತೆಯಿಂದಲೇ ಎದೆ ಬಿಗಿಯಬಹುದು. ಮೊದಲು ರಕ್ತ ಎಲ್ಲಿ ಹೋಗುತ್ತಿದೆ ಎಂದು ಹುಡುಕಬೇಕು. ಕ್ರಿಯಾಟಿನಿನ್ ವಿಷಯದಲ್ಲಿ ಮೋಸ ಹೋಗಬೇಡಿ. 75 ವರ್ಷದ ತೆಳ್ಳನೆಯ ಅಜ್ಜಿಗೆ 1.2 ಬಂದರೆ ಲ್ಯಾಬ್ ಹಾಳೆಯಲ್ಲಿ ಅದು ಗಡಿಯೊಳಗೇ ಇದ್ದ ಹಾಗೆ ಕಾಣಬಹುದು, ಆದರೆ ಕಿಡ್ನಿ ಅರ್ಧದಷ್ಟೇ ಕೆಲಸ ಮಾಡುತ್ತಿರಬಹುದು. ಇಜಿಎಫ್‌ಆರ್, ಅಂದರೆ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕಿಡ್ನಿ ಸೋಸುವ ಶಕ್ತಿ ಹೇಳುವ ಅಂಕಿ, ಎಷ್ಟು ಎಂದು ಕೇಳಿ ಬರೆಸಿಕೊಳ್ಳಿ. ರಕ್ತನಾಳ ಎದ್ದು ಕಾಣಲೆಂದು ಬಣ್ಣದ ಔಷಧಿ ಹಾಕುವ ಪರೀಕ್ಷೆಗಳಿಗೆಲ್ಲ ಇದು ಬೇಕು.

ಎಕೋ. ಎದೆಯ ಮೇಲೆ ಜೆಲ್ ಹಚ್ಚಿ ಮಾಡುವ ಹೃದಯದ ಸ್ಕ್ಯಾನ್. ಹೃದಯ ಎಷ್ಟು ಬಲವಾಗಿ ಹಿಂಡುತ್ತಿದೆ (ವರದಿಯಲ್ಲಿ ಇಎಫ್ ಎಂದಿರುತ್ತದೆ, 55ರ ಮೇಲಿದ್ದರೆ ಸರಿ, 40ಕ್ಕಿಂತ ಕೆಳಗಿದ್ದರೆ ದುರ್ಬಲ), ಯಾವ ಗೋಡೆ ಸರಿಯಾಗಿ ಅಲುಗುತ್ತಿಲ್ಲ, ಕವಾಟಗಳು ಹೇಗಿವೆ ಎಂದು ತಿಳಿಯುತ್ತದೆ. ರಕ್ತನಾಳದ ಬ್ಲಾಕ್ ಇದರಲ್ಲಿ ಕಾಣುವುದಿಲ್ಲ. ವಯಸ್ಸಾದವರಿಗೆ ಎಕೋ ಮುಖ್ಯವಾಗುವುದು ಮಹಾಪಧಮನಿಯ ಕವಾಟಕ್ಕೆ ಸುಣ್ಣ ಕಟ್ಟಿ ಕಿರಿದಾಗಿದೆಯೇ ಎಂದು ನೋಡಲು. ಅದೇ ಎದೆನೋವು, ತಲೆಸುತ್ತು ಕೊಡಬಲ್ಲದು, ಮತ್ತು ತೀವ್ರವಾಗಿದ್ದರೆ ಅಂಥವರನ್ನು ಟ್ರೆಡ್‌ಮಿಲ್ ಹತ್ತಿಸಬಾರದು. ಹಾಗಾಗಿ ಎಕೋ ಮೊದಲು, ಟಿಎಂಟಿ ಆಮೇಲೆ. ವರದಿಯಲ್ಲಿ 'ಗ್ರೇಡ್ 1 ಡಯಸ್ಟಾಲಿಕ್ ಡಿಸ್‌ಫಂಕ್ಷನ್', 'ಮೈಲ್ಡ್ ಎಂಆರ್', 'ಟ್ರಿವಿಯಲ್ ಟಿಆರ್' ಎಂದು ಓದಿ ರಾತ್ರಿ ನಿದ್ದೆಗೆಡುವವರು ಬಹಳ. 70ರ ಹೃದಯದಲ್ಲಿ ಇವು ತಲೆ ನರೆತ ಹಾಗೆ, ಅಷ್ಟಕ್ಕೇ ಏನೂ ಮಾಡಬೇಕಿಲ್ಲ.

5. ಎರಡನೇ ಹಂತ: ಓಡಿಸಿ ನೋಡುವುದೋ, ಚಿತ್ರ ತೆಗೆದು ನೋಡುವುದೋ

ಇಲ್ಲಿ ಆಯ್ಕೆ ಮಾಡುವುದು ಪ್ಯಾಕೇಜಿನ ಪಟ್ಟಿ ನೋಡಿ ಅಲ್ಲ, ನಿಮ್ಮವರ ಮಂಡಿ, ಕಿಡ್ನಿ, ಉಬ್ಬಸ ನೋಡಿ.

ಟಿಎಂಟಿ: ಇಸಿಜಿ ತಂತಿ ಅಂಟಿಸಿ ಟ್ರೆಡ್‌ಮಿಲ್ ಮೇಲೆ ನಡೆಸುವುದು. ಬ್ರೂಸ್ ಎಂಬ ಮಾಮೂಲಿ ಕ್ರಮದಲ್ಲಿ 3 ನಿಮಿಷಕ್ಕೊಮ್ಮೆ ವೇಗವೂ ಏರೂ ಹೆಚ್ಚುತ್ತದೆ. ಮೊದಲ ಹಂತ ಗಂಟೆಗೆ 2.7 ಕಿ.ಮೀ., ಶೇ 10 ಏರು. ಎರಡನೆಯದು 4 ಕಿ.ಮೀ., ಶೇ 12 ಏರು. 220ರಿಂದ ವಯಸ್ಸು ಕಳೆದು ಅದರ ಶೇ 85ರಷ್ಟು ನಾಡಿ ಮುಟ್ಟಬೇಕು. 70 ವರ್ಷದವರಿಗೆ ಅದು ಸುಮಾರು 128. ಅಷ್ಟು ಮುಟ್ಟುವ ಮೊದಲೇ ಮಂಡಿ ನೋವೆಂದು ಇಳಿದರೆ ವರದಿ 'ಇನ್‌ಕನ್‌ಕ್ಲೂಸಿವ್' ಎನ್ನುತ್ತದೆ. ಏನೂ ಗೊತ್ತಾಗಲಿಲ್ಲ ಎಂದು ಅದರ ಅರ್ಥ, 'ನೆಗೆಟಿವ್' ಎಂದಲ್ಲ. ಮನೆಯಲ್ಲಿ ಅದನ್ನೇ "ಪಾಸಾಯಿತು" ಎಂದು ಓದಿಕೊಳ್ಳುವುದು ತೀರಾ ಸಾಮಾನ್ಯ ತಪ್ಪು. ಹೆಂಗಸರಲ್ಲಿ ಬ್ಲಾಕ್ ಇಲ್ಲದೆಯೂ 'ಪಾಸಿಟಿವ್' ಬರುವುದು ಹೆಚ್ಚು. ಪೇಸ್‌ಮೇಕರ್ ಇದ್ದರೆ, ಇಸಿಜಿಯಲ್ಲಿ ಎಲ್‌ಬಿಬಿಬಿ ಎಂಬ ಎಡಗವಲಿನ ತಡೆ ಇದ್ದರೆ ಟಿಎಂಟಿಯ ಫಲಿತಾಂಶ ಓದಲು ಆಗುವುದಿಲ್ಲ, ಬೇರೆ ಪರೀಕ್ಷೆ ಕೇಳಿ.

ಟಿಎಂಟಿಗೆ ಹೋಗುವಾಗ ಎರಡು ಮೂರು ಗಂಟೆ ಮುಂಚೆ ಹಗುರ ತಿಂಡಿ ಸಾಕು. ಪಂಚೆ, ಸೀರೆ ಬೇಡ, ಪೈಜಾಮ ಅಥವಾ ಚೂಡಿದಾರ, ಕಾಲಿಗೆ ಹಿಡಿಯುವ ಬೂಟು. ನಾಡಿ ಇಳಿಸುವ ಮಾತ್ರೆ (ಮೆಟೊಪ್ರೊಲಾಲ್, ಅಟೆನೊಲಾಲ್ ಥರದವು) ನಿಲ್ಲಿಸಬೇಕೇ ಎಂದು ವೈದ್ಯರನ್ನೇ ಕೇಳಿ, ನೀವೇ ಏಕಾಏಕಿ ನಿಲ್ಲಿಸಿದರೆ ನೋವು ಉಲ್ಬಣಿಸುತ್ತದೆ. ಟ್ರೆಡ್‌ಮಿಲ್ ಕಂಡೇ ಇರದ ಹಿರಿಯರು ಕಂಬಿಯನ್ನು ಬಿಗಿಯಾಗಿ ಹಿಡಿದು ಜೋತುಬೀಳುತ್ತಾರೆ, ಹೃದಯಕ್ಕೆ ಕೆಲಸವೇ ಬೀಳುವುದಿಲ್ಲ. ಮೊದಲೇ ಹೇಳಿ ಕಳಿಸಿ. ವಯಸ್ಸಾದವರಿಗೆ ಸಮತಟ್ಟಿನಿಂದ ಶುರು ಮಾಡುವ 'ಮಾಡಿಫೈಡ್ ಬ್ರೂಸ್' ಕ್ರಮವಿದೆ, ಕೇಳಿದರೆ ಮಾಡುತ್ತಾರೆ.

ನಡೆಯಲಾಗದವರಿಗೆ ಔಷಧಿಯಿಂದಲೇ ಹೃದಯವನ್ನು ದುಡಿಸಿ ನೋಡುವ ಎರಡು ಪರೀಕ್ಷೆಗಳಿವೆ. ಡೊಬುಟಮೈನ್ ಸ್ಟ್ರೆಸ್ ಎಕೋದಲ್ಲಿ ಔಷಧಿ ಹರಿಸುತ್ತಾ ಎಕೋ ನೋಡುತ್ತಾರೆ. ಜನ 'ಥ್ಯಾಲಿಯಂ' ಎಂದು ಕರೆಯುವ ನ್ಯೂಕ್ಲಿಯರ್ ಸ್ಕ್ಯಾನಿನಲ್ಲಿ ರಕ್ತ ಯಾವ ಭಾಗಕ್ಕೆ ಕಡಿಮೆ ಹೋಗುತ್ತಿದೆ ಎಂದು ಚಿತ್ರ ಸಿಗುತ್ತದೆ. ಇದಕ್ಕೆ ದೊಡ್ಡ ಊರಿಗೇ ಹೋಗಬೇಕಾದೀತು. ಇಲ್ಲೊಂದು ನಮ್ಮ ಜಿಲ್ಲೆಗಳಿಗೇ ಹೇಳಿ ಮಾಡಿಸಿದ ಎಡವಟ್ಟಿದೆ: ಕಾಫಿ. ಈ ಸ್ಕ್ಯಾನಿನಲ್ಲಿ ಬಳಸುವ ಅಡೆನೊಸಿನ್ ಎಂಬ ಔಷಧಿಯ ಕೆಲಸವನ್ನು ಕೆಫೀನ್ ತಡೆಯುತ್ತದೆ. ಕನಿಷ್ಠ 12 ಗಂಟೆ, ಹಲವು ಕಡೆ 24 ಗಂಟೆ, ಕಾಫಿ, ಟೀ, ಕೋಲಾ, ಚಾಕೊಲೇಟ್ ಬಿಡಲು ಹೇಳುತ್ತಾರೆ. ಬೆಳಗಿನ ಜಾವ ಚಿಕ್ಕಮಗಳೂರು ಬಿಟ್ಟು ದಾರಿಯಲ್ಲಿ ಒಂದು ಲೋಟ ಕಾಫಿ ಕುಡಿಸಿಕೊಂಡು ಹೋದಿರೋ, ಅವತ್ತಿನ ಪ್ರಯಾಣ ದಂಡ. ಡೆರಿಫಿಲಿನ್ ಕೂಡ ಇದೇ ಕೆಲಸ ಮಾಡುತ್ತದೆ. ತೀವ್ರ ಅಸ್ತಮಾ ಇದ್ದವರಿಗೆ ಅಡೆನೊಸಿನ್ ಬೇಡ.

ಸಿಟಿ ಆಂಜಿಯೋ: ಕೈಯ ರಕ್ತನಾಳಕ್ಕೆ ಬಣ್ಣದ ಔಷಧಿ ಕೊಟ್ಟು ಸಿಟಿ ಯಂತ್ರದಲ್ಲಿ ಹೃದಯದ ರಕ್ತನಾಳ ನೋಡುವುದು. 'ಬ್ಲಾಕ್ ಇಲ್ಲ' ಎಂದು ಖಚಿತಪಡಿಸಲು ಇದು ಬಹಳ ಒಳ್ಳೆಯದು. ಅನುಮಾನ ಮಧ್ಯಮವಾಗಿರುವ, 50–60ರ ಆಸುಪಾಸಿನವರಿಗೆ ಸರಿ. ವಯಸ್ಸು ಏರಿದಂತೆ ರಕ್ತನಾಳದಲ್ಲಿ ಸುಣ್ಣ ಕಟ್ಟಿಕೊಂಡು ಅದು ಚಿತ್ರದಲ್ಲಿ ಬೆಳ್ಳಗೆ ಹಿಗ್ಗಿ ಕಾಣುತ್ತದೆ. ಚಿಕ್ಕ ಬ್ಲಾಕ್ ದೊಡ್ಡದಾಗಿ ತೋರುತ್ತದೆ, ಕೊನೆಗೆ ಮಾಮೂಲಿ ಆಂಜಿಯೋಗ್ರಾಮೇ ಮಾಡಿ ನೋಡಬೇಕಾಗುತ್ತದೆ. ನಾಡಿ 60–65ರೊಳಗೆ ಇರಬೇಕು, ತಾಳ ತಪ್ಪಿದ ನಾಡಿ ಇದ್ದರೆ ಚಿತ್ರ ಕೆಡುತ್ತದೆ. ಇಜಿಎಫ್‌ಆರ್ 30ಕ್ಕಿಂತ ಕಡಿಮೆ ಇದ್ದರೆ ಎರಡು ಸಲ ಯೋಚಿಸಬೇಕು. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಎಷ್ಟು ದಿನ ನಿಲ್ಲಿಸಬೇಕು, ಮತ್ತೆ ಯಾವಾಗ ಶುರು ಮಾಡಬೇಕು ಎಂದು ಬರೆಸಿಕೊಳ್ಳಿ.

6. ಆಂಜಿಯೋಗ್ರಾಂ: ಸಹಿ ಹಾಕುವ ಮುಂಚೆ

ಮಣಿಕಟ್ಟಿನಿಂದ, ಕೆಲವೊಮ್ಮೆ ತೊಡೆಯಿಂದ, ಸಣ್ಣ ನಳಿಕೆ ತೂರಿಸಿ ನೇರ ಹೃದಯದ ರಕ್ತನಾಳಕ್ಕೆ ಬಣ್ಣ ಬಿಟ್ಟು ನೋಡುವುದು. ಎಚ್ಚರವಿರುತ್ತದೆ, ಚುಚ್ಚಿದ ಜಾಗ ಮಾತ್ರ ಮರಗಟ್ಟಿಸುತ್ತಾರೆ. ದೊಡ್ಡ ತೊಂದರೆ ಆಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. 80 ದಾಟಿದವರಲ್ಲಿ, ಕಿಡ್ನಿ ಸೋತವರಲ್ಲಿ ಸ್ವಲ್ಪ ಹೆಚ್ಚು. ಹೃದಯಾಘಾತ ಆದವರಿಗೆ, ಅಸ್ಥಿರ ನೋವಿನವರಿಗೆ, ಮಾತ್ರೆಗೂ ಬಗ್ಗದ ನೋವಿನವರಿಗೆ, ಇಎಫ್ ಕುಸಿದವರಿಗೆ ಎರಡನೇ ಹಂತ ಬಿಟ್ಟು ನೇರ ಇದಕ್ಕೇ ಹೋಗುತ್ತಾರೆ. ಅದು ಸರಿಯೇ.

ಒಪ್ಪಿಗೆ ಪತ್ರ ಓದಿ. ಹಲವು ಕಡೆ ಒಂದೇ ಹಾಳೆಯಲ್ಲಿ 'ಆಂಜಿಯೋಗ್ರಾಂ ಮತ್ತು ಅಗತ್ಯವಿದ್ದರೆ ಆಂಜಿಯೋಪ್ಲಾಸ್ಟಿ' (ಬ್ಲಾಕ್ ತೆರೆದು ಸ್ಟೆಂಟ್ ಹಾಕುವುದು) ಎಂದಿರುತ್ತದೆ. ಹೃದಯಾಘಾತ ನಡೆಯುತ್ತಿರುವಾಗ ಅದೇ ಬೇಕು, ತಡ ಮಾಡಬಾರದು. ಆದರೆ ತಿಂಗಳುಗಳಿಂದ ಒಂದೇ ರೀತಿ ಇರುವ ನೋವಿಗೆ ಮಾಡಿಸುತ್ತಿದ್ದರೆ, "ಮೊದಲು ಆಂಜಿಯೋಗ್ರಾಂ ಮಾತ್ರ, ಫಲಿತಾಂಶ ಕೂತು ಮಾತಾಡಿದ ಮೇಲೆ ಮುಂದಿನದು" ಎಂದು ಕೇಳುವ ಹಕ್ಕು ನಿಮಗಿದೆ. ಅಪ್ಪ ಟೇಬಲ್ ಮೇಲೆ ಮಲಗಿರುವಾಗ ಹೊರಗೆ ಬಂದು "ಶೇ 80 ಬ್ಲಾಕ್ ಇದೆ, ಐದು ನಿಮಿಷದಲ್ಲಿ ಹೇಳಿ" ಎಂದರೆ ಯಾವ ಮಗನಿಗೂ ಮಗಳಿಗೂ ಯೋಚಿಸಲು ಆಗುವುದಿಲ್ಲ.

ಪರೀಕ್ಷೆ ಮುಗಿದ 48–72 ಗಂಟೆಗೆ ಕ್ರಿಯಾಟಿನಿನ್ ಮತ್ತೆ ನೋಡಿಸಿ. ಬಣ್ಣದ ಔಷಧಿ ಹೊರಹೋಗಲೆಂದು ನೀರು ಕುಡಿಸುತ್ತಾರೆ, ಸರಿ. ಆದರೆ ಕಾಲು ಊತ, ಹೃದಯ ದುರ್ಬಲ ಇರುವವರಿಗೆ ಚೊಂಬುಗಟ್ಟಲೆ ಕುಡಿಸಬೇಡಿ, ಎಷ್ಟು ಎಂದು ಕೇಳಿ.

7. ಬ್ಲಾಕ್ ಇದೆ ಎಂದರು. ಈಗ?

ಸಾಮಾನ್ಯವಾಗಿ ಶೇ 70ರ ಮೇಲಿನ ಬ್ಲಾಕ್‌ಗೆ, ಎಡಗಡೆಯ ಮುಖ್ಯ ರಕ್ತನಾಳದ ಬುಡದಲ್ಲಾದರೆ ಶೇ 50ಕ್ಕೇ, ಮಹತ್ವ ಕೊಡುತ್ತಾರೆ. ಶೇ 40ಕ್ಕೆ ಸ್ಟೆಂಟ್ ಇಲ್ಲ, ಮಾತ್ರೆ ಇದೆ. ನಡುವಿನದ್ದಕ್ಕೆ ಎಫ್‌ಎಫ್‌ಆರ್ ಎಂಬ ಒತ್ತಡದ ತಂತಿಯ ಅಳತೆ ಮಾಡಬಹುದು, 0.80 ಅಥವಾ ಕಡಿಮೆ ಬಂದರೆ ಆ ಬ್ಲಾಕ್ ನಿಜವಾಗಿ ರಕ್ತ ತಡೆಯುತ್ತಿದೆ ಎಂದರ್ಥ.

ಸ್ಥಿರವಾದ ನೋವಿನವರಿಗೆ ಒಂದು ಸಂಗತಿ ಗೊತ್ತಿರಬೇಕು. 2020ರಲ್ಲಿ ಪ್ರಕಟವಾದ 'ಇಸ್ಕೀಮಿಯಾ' ಎಂಬ ಅಂತರರಾಷ್ಟ್ರೀಯ ಅಧ್ಯಯನದಲ್ಲಿ 5179 ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಮಾತ್ರೆಯ ಜೊತೆಗೆ ಆಂಜಿಯೋಗ್ರಾಂ, ಸ್ಟೆಂಟ್ ಅಥವಾ ಬೈಪಾಸ್ (ಬ್ಲಾಕ್ ದಾಟಿಸಿ ರಕ್ತಕ್ಕೆ ಬೇರೆ ದಾರಿ ಮಾಡುವ ಆಪರೇಷನ್). ಇನ್ನೊಂದಕ್ಕೆ ಮೊದಲು ಮಾತ್ರೆ ಮಾತ್ರ. ಮೂರು ಚಿಲ್ಲರೆ ವರ್ಷಗಳಲ್ಲಿ ಸಾವು, ಹೃದಯಾಘಾತದ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ನೋವು ಕಡಿಮೆಯಾಗುವುದರಲ್ಲಿ ಮೊದಲ ಗುಂಪು ಮುಂದಿತ್ತು. ಎಡಗಡೆ ಮುಖ್ಯ ಬುಡದ ಬ್ಲಾಕ್, ತೀರಾ ದುರ್ಬಲ ಹೃದಯದವರು ಅದರಲ್ಲಿ ಇರಲಿಲ್ಲ, ಅವರಿಗೆ ಈ ಮಾತು ಅನ್ವಯಿಸದು. ಉಳಿದವರು "ಸ್ಟೆಂಟ್ ಹಾಕಿಸದಿದ್ದರೆ ನಾಳೆಯೇ ಏನಾದರೂ ಆಗಿಬಿಡುತ್ತೆ" ಎಂಬ ಒತ್ತಡಕ್ಕೆ ಬೀಳಬೇಕಿಲ್ಲ. ಮಾತ್ರೆಯಲ್ಲಿ ದರೆ ಹತ್ತಲು ಆಗುತ್ತಿದೆಯೇ ನೋಡಿ, ಆಗದಿದ್ದರೆ ಸ್ಟೆಂಟ್ ಮಾತು.

ಸಕ್ಕರೆ ಕಾಯಿಲೆ ಇದ್ದು ಮೂರೂ ರಕ್ತನಾಳದಲ್ಲಿ ಬ್ಲಾಕ್ ಇದ್ದರೆ, ದೇಹ ತಡೆಯುವಂತಿದ್ದರೆ, ಬೈಪಾಸ್ ಹೆಚ್ಚು ಬಾಳಿಕೆಯದು. ಇಂಥ ಕಡೆ ಶಸ್ತ್ರಚಿಕಿತ್ಸಕರ ಅಭಿಪ್ರಾಯವನ್ನೂ ಕೇಳಿ.

ಸ್ಟೆಂಟ್ ಎಂದರೆ ರಕ್ತ ತೆಳುವಾಗಿಸುವ ಎರಡು ಮಾತ್ರೆ ಸಾಮಾನ್ಯವಾಗಿ 6 ತಿಂಗಳು, ಹೃದಯಾಘಾತ ಆಗಿದ್ದರೆ 12 ತಿಂಗಳು. ನಡುವೆ ನಿಲ್ಲಿಸಿದರೆ ಸ್ಟೆಂಟೊಳಗೇ ಹೆಪ್ಪುಗಟ್ಟಬಹುದು. ಆದ್ದರಿಂದ ಮಂಡಿ ಚಿಪ್ಪು ಬದಲಿಸುವುದು, ಪ್ರಾಸ್ಟೇಟ್, ಹರ್ನಿಯಾ ಆಪರೇಷನ್ ಬಾಕಿ ಇದೆಯೇ, ಮೂಲವ್ಯಾಧಿಯ ರಕ್ತ ಹೋಗುತ್ತದೆಯೇ ಎಂಬುದನ್ನು ಸ್ಟೆಂಟಿನ ಮುಂಚೆಯೇ ಹೇಳಿ. ಆಮೇಲೆ ಹೇಳಿದರೆ ಆ ಆಪರೇಷನ್ ತಿಂಗಳುಗಟ್ಟಲೆ ಮುಂದೆ ಹೋಗುತ್ತದೆ.

ಇನ್ನೊಂದು ಮಾತು, ಮನೆಯಲ್ಲಿ ಯಾರೂ ಬಾಯಿ ಬಿಡದ್ದು. ಹಾಸಿಗೆ ಹಿಡಿದ, ಮರೆವು ಮುಂದುವರಿದ 88ರ ಅಜ್ಜನಿಗೆ ಬೈಪಾಸೂ ಮಾಡಿಸುವುದಿಲ್ಲ, ಸ್ಟೆಂಟೂ ಹಾಕಿಸುವುದಿಲ್ಲ ಎಂದು ಮನೆಯವರೆಲ್ಲ ಒಪ್ಪಿದ್ದರೆ, ಆಂಜಿಯೋಗ್ರಾಂ ಮಾಡಿಸಿ ಬ್ಲಾಕಿನ ಲೆಕ್ಕ ತಿಳಿದು ಮಾಡುವುದೇನು? ಇಸಿಜಿ, ಎಕೋ, ನೋವಿಗೆ ಮಾತ್ರೆ, ನೆಮ್ಮದಿ. ಇದೂ ಒಂದು ಸರಿಯಾದ ತೀರ್ಮಾನವೇ, ಕೈಚೆಲ್ಲಿದ ಹಾಗಲ್ಲ. ಅದೇ 82ರಲ್ಲೂ ತೋಟ ಸುತ್ತುವ, ಲೆಕ್ಕ ಬರೆಯುವ ಅಜ್ಜಿಗೆ ವಯಸ್ಸಿನ ನೆಪ ಹೇಳಿ ಪರೀಕ್ಷೆ ತಪ್ಪಿಸುವುದು ಅನ್ಯಾಯ. ಏನೇ ಆದರೂ ಅವರನ್ನೇ ಕೇಳಿ, ಫೋನಿನಲ್ಲಿ ಮಕ್ಕಳು ಮಕ್ಕಳೇ ಮಾತಾಡಿ ಮುಗಿಸಬೇಡಿ.

8. ದುಡ್ಡು, ಕಾಗದ

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿ. ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಹಾಸನದವರಿಗೆ ಹಿಮ್ಸ್ (ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ), ಚಿಕ್ಕಮಗಳೂರಿನವರಿಗೆ ಜಿಲ್ಲಾಸ್ಪತ್ರೆ. ಈ ಚೀಟಿ ಇಲ್ಲದೆ ಮೈಸೂರಿಗೋ ಬೆಂಗಳೂರಿಗೋ ಹೋಗಿ ವಾಪಸ್ ಬರುವವರು ಈಗಲೂ ಇದ್ದಾರೆ. ತುರ್ತಿನಲ್ಲಿ ರೆಫರಲ್ ಬೇಕಿಲ್ಲ. ಹಾಲಿನ ಸಂಘ, ಕೃಷಿ ಪತ್ತಿನ ಸಂಘದ ಸದಸ್ಯರಾದರೆ ಯಶಸ್ವಿನಿ ಕಾರ್ಡ್ ನವೀಕರಣವಾಗಿದೆಯೇ ನೋಡಿ. ಆಸ್ಪತ್ರೆಗೆ ಕಾಲಿಟ್ಟ ಕೂಡಲೇ ಯೋಜನೆಯ ಕೌಂಟರಿಗೆ ಹೋಗಿ ಕಾರ್ಡ್ ತೋರಿಸಿ. ಬಿಲ್ ಆದ ಮೇಲೆ ತೋರಿಸಿದರೆ ಸೇರಿಸುವುದು ಕಷ್ಟ.

ಸ್ಟೆಂಟಿನ ಬೆಲೆಗೆ ಕೇಂದ್ರ ಸರ್ಕಾರ 2017ರ ಫೆಬ್ರವರಿಯಿಂದ ಮಿತಿ ಹಾಕಿದೆ. ಬಿಲ್ಲಿನಲ್ಲಿ ಸ್ಟೆಂಟಿನ ಕಂಪನಿ, ಬ್ಯಾಚ್ ಸಂಖ್ಯೆ, ದರ ಬೇರೆಯಾಗಿಯೇ ಬರೆದಿರಬೇಕು, ಪೊಟ್ಟಣದ ಸ್ಟಿಕ್ಕರನ್ನು ಡಿಸ್ಚಾರ್ಜ್ ಹಾಳೆಗೆ ಅಂಟಿಸಿಕೊಡಲು ಕೇಳಿ. ಆಂಜಿಯೋಗ್ರಾಂನ ಸಿಡಿ ಅಥವಾ ಪೆನ್‌ಡ್ರೈವ್ ಕೇಳಿ ಪಡೆಯಿರಿ. ಬರಿ ಬಾಯಿಮಾತಿನ 'ಶೇ 80' ಹಿಡಿದು ಇನ್ನೊಬ್ಬ ತಜ್ಞರ ಹತ್ತಿರ ಹೋದರೆ ಅವರು ಅಭಿಪ್ರಾಯ ಕೊಡುವುದಿಲ್ಲ, ಚಿತ್ರ ಬೇಕು. ಊರಿಗೆ ಬಂದ ಮೇಲೆ ಆ ಸಿಡಿಯನ್ನು ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳಿ. ಮಲೆನಾಡಿನ ಮಳೆಗಾಲದಲ್ಲಿ ಬೀರುವಿನೊಳಗಿದ್ದರೂ ಸಿಡಿಗೆ ಬೂಸ್ಟು ಹಿಡಿಯುತ್ತದೆ.